ಮೊಬೈಲ್‌ನಲ್ಲಿ ಪಾಠ ನೋಡಿದರೆ ಕಲಿತಂತಾಯಿತಾ? ತಿಳಿಯೋದು ಹೇಗೆ?

ಓದುಗರ ಪ್ರಶ್ನೆ: ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿಡಿಯೊ, ನೋಟ್ಸ್, ಕ್ವಿಜ್ ಎಲ್ಲವನ್ನೂ ವಿದ್ಯಾರ್ಥಿಗಳ ಮೊಬೈಲ್‌ಗೆ ಕಳಿಸುತ್ತೇವೆ. ಚೆನ್ನಾಗಿದೆ ಸರ್ ಅನ್ನುತ್ತಾರೆ. ಆದರೆ ಇದರಿಂದ ನಿಜಕ್ಕೂ ಕಲಿಕೆ ಹೆಚ್ಚಾಗಿದೆಯಾ ಅಂತ ಕಂಡುಕೊಳ್ಳೋದು ಹೇಗೆ?

ಉತ್ತರ: ಲಾಕ್‌ಡೌನ್ ಮುಗಿದು ವರ್ಷಗಳಾದರೂ ಈ ಪ್ರಶ್ನೆ ಬರುತ್ತಲೇ ಇದೆ. ಬರಬೇಕಾದದ್ದೇ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು ಎಷ್ಟು ಹೊತ್ತು ನೋಡಿದರು, ಎಷ್ಟು ಮೆಚ್ಚಿದರು ಅನ್ನುವುದನ್ನು ಸ್ವಲ್ಪ ಬದಿಗಿಡಿ. ಮೊಬೈಲ್ ಕೈಯಲ್ಲಿಲ್ಲದಾಗ, ಕೆಲವು ವಾರ ಕಳೆದ ಮೇಲೆ, ಅವರಿಗೆ ಏನು ಮಾಡಲು ಬರುತ್ತದೆ ನೋಡಿ. ಅದೇ ಕೆಲಸ ಸೆಮಿಸ್ಟರ್ ಶುರುವಿನಲ್ಲಿ ಎಷ್ಟು ಬರುತ್ತಿತ್ತು ಅನ್ನುವುದೂ ನಿಮ್ಮ ಬಳಿ ಬರೆದಿಟ್ಟಿರಬೇಕು.

ಮೆಚ್ಚುಗೆಯನ್ನು ಯಾಕೆ ನಂಬಬಾರದು? ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ಒಂದು ಪ್ರಯೋಗ ಮಾಡಿದ್ದರು. ಅದರ ಫಲಿತಾಂಶ 2019ರಲ್ಲಿ ಬಂತು. ಕೆಲವರು ಸುಲಲಿತವಾದ ಉಪನ್ಯಾಸ ಕೇಳಿದರು. ಇನ್ನು ಕೆಲವರು ಗುಂಪಿನಲ್ಲಿ ಕೂತು ತಾವೇ ಲೆಕ್ಕ ಬಿಡಿಸಿದರು. ಪರೀಕ್ಷೆಯಲ್ಲಿ ಲೆಕ್ಕ ಬಿಡಿಸಿದವರೇ ಮುಂದೆ. ಆದರೆ ಹೆಚ್ಚು ಕಲಿತೆವು ಅಂತ ಅನ್ನಿಸಿದ್ದು ಉಪನ್ಯಾಸ ಕೇಳಿದವರಿಗೆ! ತಲೆ ಬಿಸಿ ಮಾಡಿಕೊಂಡು ಕಲಿಯುವಾಗ ಏನೂ ತಿಳಿಯುತ್ತಿಲ್ಲ ಅನ್ನಿಸುವುದು ಸಹಜ. ಚೆಂದದ ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾದಂತೆ ಇರುತ್ತದೆ. ಹಾಗಾಗಿ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಐದಕ್ಕೆ ಐದು ಬಂದರೂ ಅದು ಕಲಿಕೆಗೆ ಸಾಕ್ಷಿಯಲ್ಲ.

ಎಷ್ಟು ಜನ ಸೇರಿದರು ಅನ್ನುವ ಲೆಕ್ಕವೂ ಅಷ್ಟೇ. ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಉಚಿತ ಆನ್‌ಲೈನ್ ಕೋರ್ಸ್‌ಗಳಲ್ಲಿ 2017–18ರಲ್ಲಿ ಹೆಸರು ಬರೆಸಿದವರ ಪೈಕಿ ಕೋರ್ಸ್ ಮುಗಿಸಿದವರು ಶೇ. 3ರ ಆಸುಪಾಸು ಮಾತ್ರ. ನಮ್ಮಲ್ಲಿ ಐಐಟಿಗಳು ಸೇರಿ ನಡೆಸುವ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟಿಇಎಲ್ ಒಂದು ಒಳ್ಳೆಯ ಕೆಲಸ ಮಾಡಿದೆ. ಪಾಠ ಮೊಬೈಲ್‌ನಲ್ಲೇ ನೋಡಬಹುದು. ಆದರೆ ಪ್ರಮಾಣಪತ್ರಕ್ಕೆ ಅಸೈನ್‌ಮೆಂಟಿನ ಅಂಕ 25, ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆಯ ಅಂಕ 75. ನೋಡಿದ್ದು ಬೇರೆ, ಬಂದದ್ದು ಬೇರೆ ಅನ್ನುವುದನ್ನು ಅವರು ಸರಿಯಾಗಿ ಹಿಡಿದಿದ್ದಾರೆ.

ಸರಿ, ಅಳೆಯೋದು ಹೇಗೆ? ಸೆಮಿಸ್ಟರ್ ಶುರುವಾದ ವಾರವೇ ಒಂದು ಸಣ್ಣ ಪರೀಕ್ಷೆ ಕೊಡಿ. ಇಂಟರ್ನಲ್ಸ್‌ಗೆ ಸೇರಿಸಬೇಡಿ, ಮಕ್ಕಳು ಹೆದರಿಕೊಳ್ಳುತ್ತಾರೆ. ಬಾಯಿಪಾಠದ ಪ್ರಶ್ನೆ ಬೇಡ, ಅರ್ಥವಾಗಿದೆಯಾ ಅಂತ ತಿಳಿಸುವ ಪ್ರಶ್ನೆ ಇರಲಿ. ಕೊನೆಯಲ್ಲಿ ಅದೇ ಪರೀಕ್ಷೆ ಮತ್ತೆ ಕೊಡಿ. ಆಮೇಲೆ ಒಂದು ಸರಳ ಲೆಕ್ಕ ಮಾಡಿ: ಹೆಚ್ಚಾದ ಅಂಕವನ್ನು, ಹೆಚ್ಚಾಗಲು ಬಾಕಿ ಇದ್ದ ಅಂಕದಿಂದ ಭಾಗಿಸಿ. 100ಕ್ಕೆ 40 ತೆಗೆದವನು 70ಕ್ಕೆ ಬಂದರೆ, ಬಾಕಿ ಇದ್ದ 60ರಲ್ಲಿ 30 ಗಳಿಸಿದ. ಅಂದರೆ 0.5. 80 ತೆಗೆದವಳು 90ಕ್ಕೆ ಬಂದರೆ ಅದೂ 0.5. ಮೊದಲಿಂದಲೂ ಜಾಣರಾದವರ ಅಂಕ ನೋಡಿ ನಮ್ಮ ಪಾಠವೇ ಚೆನ್ನಾಗಿತ್ತು ಅಂದುಕೊಳ್ಳುವ ತಪ್ಪು ಇದರಿಂದ ತಪ್ಪುತ್ತದೆ.

ಇದು ರಿಚರ್ಡ್ ಹೇಕ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಬಳಸಿದ ಲೆಕ್ಕ. 1998ರಲ್ಲಿ ಅವರು 62 ಕೋರ್ಸ್‌ಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು ಹೀಗೆ ನೋಡಿದರು. ಬರೀ ಉಪನ್ಯಾಸ ಇದ್ದ ಕಡೆ ಸರಾಸರಿ 0.23 ಬಂತು. ವಿದ್ಯಾರ್ಥಿಗಳೇ ಕೈಹಾಕಿ ಮಾಡಿ, ಚರ್ಚಿಸಿ ಕಲಿತ ಕಡೆ 0.48. ಎರಡು ಪಟ್ಟು!

ಪರೀಕ್ಷೆ ಯಾವಾಗ ಅನ್ನುವುದೂ ಮುಖ್ಯ. ವಿಡಿಯೊ ಮುಗಿದ ತಕ್ಷಣ ಬರುವ ಕ್ವಿಜ್‌ನಲ್ಲಿ ಎಲ್ಲರೂ ಪಾಸ್ ಆಗುತ್ತಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ತಿರುಗುಮುರುಗಾಯಿತು. ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದಿದ್ದವರಿಗೆ ಜಾಸ್ತಿ ನೆನಪಿತ್ತು. ಹಾಗಾಗಿ ನಿಮ್ಮ ಪರೀಕ್ಷೆಗೂ ಪಾಠಕ್ಕೂ ನಡುವೆ ಎರಡು ಮೂರು ವಾರವಾದರೂ ಇರಲಿ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರುತ್ತೇನೆ. ಅಂಕ ಏರಿತು ಅಂತಲೇ ಇಟ್ಟುಕೊಳ್ಳಿ. ಏರಿಸಿದ್ದು ಮೊಬೈಲಾ? ರಿಚರ್ಡ್ ಕ್ಲಾರ್ಕ್ ಎಂಬ ಶಿಕ್ಷಣ ಸಂಶೋಧಕರು 1983ರಲ್ಲೇ ಒಂದು ಹೋಲಿಕೆ ಕೊಟ್ಟಿದ್ದರು. ಮನೆಗೆ ದಿನಸಿ ತರುವ ಲಾರಿಯಿಂದ ನಮ್ಮ ಪೌಷ್ಟಿಕತೆ ಬದಲಾಗುವುದಿಲ್ಲ, ಒಳಗಿರುವ ದಿನಸಿಯಿಂದ ಬದಲಾಗುತ್ತದೆ. ಪಾಠವನ್ನು ತಲುಪಿಸುವ ಮಾಧ್ಯಮ ಕೂಡ ಅಂಥ ಲಾರಿಯೇ ಅನ್ನುವುದು ಅವರ ವಾದ. ಹಾಗೆ ನೋಡಿದರೆ ಮೊಬೈಲೂ ಲಾರಿಯೇ. ರಾಬರ್ಟ್ ಕೋಜ್ಮಾ ಎಂಬ ಇನ್ನೊಬ್ಬ ಸಂಶೋಧಕರು ಇದನ್ನು ಒಪ್ಪಲಿಲ್ಲ. ಕೆಲವು ಮಾಧ್ಯಮಗಳು ಬೇರೆ ಮಾಧ್ಯಮ ಮಾಡಲಾರದ್ದನ್ನು ಮಾಡಿಸುತ್ತವೆ ಅಂದರು. ನನಗೆ ಇಬ್ಬರಲ್ಲೂ ಸತ್ಯ ಕಾಣುತ್ತದೆ. ಹೊಲದಲ್ಲೇ ನಿಂತು ಎಲೆಯ ರೋಗದ ಫೋಟೊ ತೆಗೆದು ತರಗತಿಗೆ ತರುವ ಕೃಷಿ ವಿದ್ಯಾರ್ಥಿಗೆ ಮೊಬೈಲ್ ಬರೀ ಲಾರಿಯಲ್ಲ. ಅದೇ ಮೊಬೈಲ್‌ನಲ್ಲಿ ನಲವತ್ತು ಪುಟದ ಪಿಡಿಎಫ್ ಕಳಿಸಿದರೆ ಅದು ಖಂಡಿತ ಲಾರಿಯೇ.

ಹಾಗಾಗಿ ಹೋಲಿಸುವಾಗ ಎಚ್ಚರ ಬೇಕು. ಒಂದು ಸೆಕ್ಷನ್‌ಗೆ ವಾರವಾರ ಮೊಬೈಲ್ ಕ್ವಿಜ್ ಕೊಟ್ಟು, ಇನ್ನೊಂದಕ್ಕೆ ಏನೂ ಕೊಡದೆ ಬಿಟ್ಟರೆ, ನೀವು ಅಳೆದದ್ದು ಕ್ವಿಜ್‌ನ ಪರಿಣಾಮ, ಮೊಬೈಲ್‌ನದ್ದಲ್ಲ. ಎರಡನೇ ಸೆಕ್ಷನ್‌ಗೆ ಅದೇ ಪ್ರಶ್ನೆಗಳನ್ನು ಕಾಗದದಲ್ಲಿ ಕೊಡಿ. ಮುಂದಿನ ಘಟಕಕ್ಕೆ ಅದಲುಬದಲು ಮಾಡಿ. ಆಗ ಯಾರಿಗೂ ಅನ್ಯಾಯವಾಗುವುದಿಲ್ಲ.

ಕೊನೆಗೆ, ಸರಾಸರಿ ನೋಡಿ ಸುಮ್ನೆ ಆಗಿಬಿಡಬೇಡಿ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. 4.4 ಮನೆಗಳಲ್ಲಿ ಮಾತ್ರ, ಪಟ್ಟಣಗಳಲ್ಲಿ ಶೇ. 23.4. ಆಮೇಲೆ ಮೊಬೈಲ್ ಇಂಟರ್ನೆಟ್ ತುಂಬಾ ಹರಡಿದೆ. 2021ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಶುರುಮಾಡಿತು. ಆದರೂ ಎಷ್ಟೋ ಹಳ್ಳಿ ಮಕ್ಕಳಿಗೆ ಮೊಬೈಲ್ ಕಲಿಕೆ ಆಯ್ಕೆಯಲ್ಲ, ಇರುವ ಒಂದೇ ದಾರಿ. ಅದೂ ಅಣ್ಣನ ಜೊತೆ ಹಂಚಿಕೊಂಡ ಫೋನ್, ಮಧ್ಯಾಹ್ನಕ್ಕೇ ಖಾಲಿಯಾಗುವ ಡೇಟಾ, ಮಲೆನಾಡಿನಲ್ಲಾದರೆ ಗುಡ್ಡ ಹತ್ತಿದರೆ ಸಿಗುವ ನೆಟ್‌ವರ್ಕ್. ಸ್ವಂತ ಫೋನ್ ಇದ್ದವರು, ಇಲ್ಲದವರು, ಹಾಸ್ಟೆಲ್‌ನವರು, ಬಸ್ಸಿನಲ್ಲಿ ಬರುವವರು, ಕನ್ನಡ ಮಾಧ್ಯಮದಿಂದ ಬಂದವರು: ಇವರ ಅಂಕಗಳನ್ನು ಬೇರೆ ಬೇರೆಯಾಗಿ ನೋಡಿ. ಸರಾಸರಿ ಏರಿದ್ದರೂ ಇವರಲ್ಲಿ ಒಂದು ಗುಂಪು ಕುಸಿದಿರಬಹುದು.

ಅಂಕದ ಜೊತೆಗೆ ಐದಾರು ಮಕ್ಕಳನ್ನು ಕೂರಿಸಿಕೊಂಡು ಮಾತಾಡಿ. ನನ್ನ ತರಗತಿಯಲ್ಲಿ ಒಬ್ಬಳ ಹೆಸರಿನ ಮುಂದೆ ಆ್ಯಪ್ ಯಾವಾಗಲೂ ಸೊನ್ನೆ ನಿಮಿಷ ತೋರಿಸುತ್ತಿತ್ತು. ಓದುತ್ತಿಲ್ಲ ಅಂದುಕೊಂಡಿದ್ದೆ. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಳು. ಹೇಗಮ್ಮ ಅಂತ ಕೇಳಿದೆ. ಗೆಳತಿಯ ಫೋನಿನಿಂದ ವಿಡಿಯೊ ತನ್ನ ಫೋನಿಗೆ ಹಾಕಿಸಿಕೊಂಡು, ಬಸ್ಸಿನಲ್ಲಿ ಬರುವಾಗ ಕಿವಿಗೆ ಹಾಕಿಕೊಂಡು ಬರೀ ಕೇಳುತ್ತಿದ್ದಳಂತೆ. ಬಸ್ಸು ಕುಲುಕುತ್ತೆ ಸರ್, ನೋಡೋಕಾಗಲ್ಲ ಅಂದಳು. ಮುಂದಿನ ಘಟಕದಿಂದ ವಿಡಿಯೊ ಜೊತೆ ಆಡಿಯೊ ಫೈಲನ್ನೂ ಕಳಿಸುತ್ತಿದ್ದೇನೆ.