ಸಹಿ ಹಾಕದವರಿಗೂ ತಟ್ಟುವ ಷರತ್ತು

ಪುಣೆಯಲ್ಲಿ ಹಳೆಯ ಬಂಗಲೆಯನ್ನೋ ಪ್ಲಾಟನ್ನೋ ಕೊಳ್ಳಲು ಬರುವ ನಮ್ಮ ಕಡೆಯವರು ಖರೀದಿಪತ್ರದಲ್ಲಿ ಬೆಲೆ, ಚಕ್ಕುಬಂದಿ ನೋಡುತ್ತಾರೆ. ನಡುವಿನ ಷರತ್ತುಗಳನ್ನು ದಾಟಿಬಿಡುತ್ತಾರೆ. "ಪಶ್ಚಿಮದ ಹತ್ತು ಅಡಿಯಲ್ಲಿ ಏನನ್ನೂ ಕಟ್ಟಕೂಡದು" ಎಂಬ ಹಳೆಯ ಸಾಲನ್ನು ತೋರಿಸಿದರೆ, "ವಕೀಲರೇ, ಸಹಿ ಹಾಕಿದವರೇ ಈಗಿಲ್ಲ. ನಮಗೇನು ಅದರ ಹಂಗು?" ಎನ್ನುತ್ತಾರೆ.

ಹಂಗು ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 11ನೇ ಕಲಂ ಪ್ರಕಾರ, ಪೂರ್ತಿ ಮಾರಿದ ಜಾಗವನ್ನು ಹೀಗೆಯೇ ಬಳಸಬೇಕೆಂಬ ಕಟ್ಟಳೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಮಾರಿದವನು ಪಕ್ಕದಲ್ಲೇ ಉಳಿಸಿಕೊಂಡ ತನ್ನ ಸ್ವತ್ತಿನ ಅನುಕೂಲಕ್ಕಾಗಿ ಅದನ್ನು ಹಾಕಿದ್ದರೆ ನಿಲ್ಲುತ್ತದೆ. ವಿಷಯ ಗೊತ್ತಿದ್ದು ಕೊಂಡವರನ್ನೂ, ದಾನವಾಗಿ ಪಡೆದವರನ್ನೂ ಅದು ಹಿಂಬಾಲಿಸುತ್ತದೆ ಎನ್ನುತ್ತದೆ 40ನೇ ಕಲಂ. ನೋಂದಣಿಯಾದ ಪತ್ರದಲ್ಲಿದ್ದರೆ ಗೊತ್ತಿತ್ತೆಂದೇ ಲೆಕ್ಕ. ಓದಲಿಲ್ಲ ಎಂಬ ಸಬೂಬು ನಡೆಯದು.

ಇದು ನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ. ಲಂಡನ್ನಿನ ಲೆಸ್ಟರ್ ಚೌಕದ ಉದ್ಯಾನದ ಬಗ್ಗೆ 1848ರಲ್ಲಿ ಬಂದ ತೀರ್ಪಿನ ತಿರುಳೂ ಇದೇ: ಷರತ್ತಿದೆಯೆಂದು ಕಡಿಮೆ ಬೆಲೆಗೆ ಕೊಂಡವನು ಮರುದಿನವೇ ಷರತ್ತಿಲ್ಲದ ಜಾಗವೆಂದು ಹೆಚ್ಚಿನ ಬೆಲೆಗೆ ಮಾರುವಂತಾದರೆ ಅದು ಅನ್ಯಾಯ. ಪಕ್ಕದ ಮನೆಯವರ ಗಾಳಿ ಬೆಳಕು ಯಾರದೋ ಲಾಭವಾಗಿ ಕರಗಬಾರದು.

ಆದರೆ ಜಾಗವನ್ನು ಕಾಯುವ ಷರತ್ತು ಬೇರೆ, ಮನುಷ್ಯರನ್ನು ಸೋಸುವ ಷರತ್ತು ಬೇರೆ. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದು ಸದಸ್ಯತ್ವವನ್ನು ತನ್ನ ಸಮುದಾಯಕ್ಕೇ ಸೀಮಿತಗೊಳಿಸಿದ್ದನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ಅದು ಸಂಘ ಕಟ್ಟುವ ಹಕ್ಕಿನ ಮೇಲೆ ನಿಂತ ತೀರ್ಪು. ಅದೇ ತರ್ಕ ಖರೀದಿಪತ್ರಗಳಿಗೂ ಹಬ್ಬಿ, ಮುಂದಿನ ಪೀಳಿಗೆಗಳು ಯಾರಿಗೆ ಮಾರಬೇಕೆಂದು ಸತ್ತವರು ನಿರ್ಧರಿಸುವುದನ್ನು ನಾನು ಒಪ್ಪಲಾರೆ.

ಕಾಲ ಮೀರಿದ ಷರತ್ತುಗಳದು ಇನ್ನೊಂದು ಸಂಕಟ. ಇಂಗ್ಲೆಂಡಿನ 1925ರ ಸ್ವತ್ತು ಕಾಯ್ದೆಯ 84ನೇ ಕಲಂ ಅಡಿ, ಅರ್ಥ ಕಳೆದುಕೊಂಡ ನಿರ್ಬಂಧವನ್ನು ಸಡಿಲಿಸುವಂತೆ ನ್ಯಾಯಮಂಡಳಿಯನ್ನು ಕೇಳಬಹುದು. ನಮ್ಮ 1882ರ ಕಾಯ್ದೆಯಲ್ಲಿ ಅಂಥ ಕಲಂ ಇಲ್ಲ, ಅದು ಬರಲೇಬೇಕು.

ಅಲ್ಲಿಯವರೆಗೆ, ಸಾತ್‌ಬಾರಾ ಉತಾರೆಯನ್ನೂ (ನಮ್ಮ ಕಡೆಯ ಪಹಣಿಯಂಥ ಜಮೀನು ದಾಖಲೆ) ಇಂಡೆಕ್ಸ್ ಟೂವನ್ನೂ (ನೋಂದಣಿಯಾದ ಪತ್ರದ ಸಾರಾಂಶ) ನಂಬಿ ಮುಂಗಡ ಕೊಡಬೇಡಿ. ಅವುಗಳಲ್ಲಿ ಎಲ್ಲ ಷರತ್ತುಗಳೂ ಇರುವುದಿಲ್ಲ. ಹಿಂದಿನ ಒಂದೊಂದು ಖರೀದಿಪತ್ರದ ದೃಢೀಕೃತ ಪ್ರತಿಯನ್ನೂ ಉಪನೋಂದಣಾಧಿಕಾರಿ ಕಚೇರಿಯಿಂದ ತೆಗೆಸಿ ಓದಿಸಿ. ಷರತ್ತು ಅಡ್ಡಬಂದರೆ, ಅದರ ಪ್ರಯೋಜನ ಯಾವ ನೆರೆಯವರಿಗಿದೆಯೋ ಅವರಿಂದ ಬಿಡುಗಡೆ ಪತ್ರ ಬರೆಸಿ ನೋಂದಾಯಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅವರ ಮಕ್ಕಳ ಕಾಲಕ್ಕೆ ಉಳಿಯುವುದಿಲ್ಲ.