ಒಂದೇ ಗಡಿ, ಎರಡು ಕೆಲಸ

ಸಾವಯವ ಅಂದ ಕೂಡಲೇ ನಮಗೆ ನೆನಪಾಗುವುದು ಔಷಧಿ ಹೊಡೆಯದ ರಾಗಿ, ಕಪ್ಪು ಬೆಲ್ಲ, ಎರೆಗೊಬ್ಬರ. ರಸಾಯನ ವಿಜ್ಞಾನಿಗಳಿಗೆ ಈ ಮಾತಿನ ಅರ್ಥ ಬೇರೆ. ಇಂಗಾಲವನ್ನು ಬೆನ್ನೆಲುಬಾಗಿಸಿಕೊಂಡ ಅಣುಗಳೆಲ್ಲ ಅವರ ಲೆಕ್ಕದಲ್ಲಿ ಸಾವಯವ. ಹಾಗೆ ನೋಡಿದರೆ ಬಹಳಷ್ಟು ಕೀಟನಾಶಕಗಳೂ ಸಾವಯವವೇ!

ನಿಮ್ಮ ಫೋನಿನದು ಓಎಲ್‌ಇಡಿ (ಕರೆಂಟ್ ಕೊಟ್ಟರೆ ತಾನೇ ಬೆಳಗುವ) ಪರದೆಯಾದರೆ, ಅದರೊಳಗೆ ಬೆಳಗುತ್ತಿರುವುದೂ ಇಂಥ ಸಾವಯವ ವಸ್ತು. ಅದಕ್ಕೆ ದಾರಿ ಮಾಡಿಕೊಟ್ಟವರು ಚಿಂಗ್ ಟ್ಯಾಂಗ್. 1947ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ, ಕೆನಡಾದಲ್ಲಿ ರಸಾಯನ ವಿಜ್ಞಾನ ಓದಿ, ಅಮೆರಿಕದ ಕಾರ್ನೆಲ್‌ನಲ್ಲಿ ಪಿಎಚ್‌ಡಿ ಮುಗಿಸಿದವರು. 1975ರಲ್ಲಿ ರೋಚೆಸ್ಟರ್ ಊರಿನ ಕೊಡಾಕ್ ಕಂಪನಿ ಸೇರಿದರು. ಫೋಟೋ ಫಿಲ್ಮ್ ಮಾಡುವ ಕಂಪನಿಗೂ ಇದಕ್ಕೂ ಏನು ಸಂಬಂಧ? ಕಲರ್ ಫಿಲ್ಮ್ ಅಂದರೆ ಬಣ್ಣದ ಅಣುಗಳ ಆಟ ಅಲ್ವಾ? ಬೆಳಕು ಬಿದ್ದಾಗ ಇಂಗಾಲದ ಅಣು ಏನು ಮಾಡುತ್ತದೆ ಅನ್ನುವುದು ಅಲ್ಲಿನವರ ನಿತ್ಯದ ಕಸುಬು.

ಟ್ಯಾಂಗ್ ಮೊದಲು ಕೈಹಾಕಿದ್ದು ದೀಪಕ್ಕಲ್ಲ, ಸೌರಕೋಶಕ್ಕೆ. ಬಣ್ಣದ ವಸ್ತುಗಳಿಂದ ಸೌರವಿದ್ಯುತ್ ತೆಗೆಯಲು ಎಷ್ಟೋ ಜನ ಹೆಣಗಿದ್ದರು. ಸಿಗುತ್ತಿದ್ದುದು ತೀರಾ ಕಡಿಮೆ. ತೊಡಕು ಏನೆಂದರೆ, ಸಾವಯವ ವಸ್ತುವಿಗೆ ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಮೇಲೇಳುತ್ತದೆ, ಅದು ಬಿಟ್ಟ ಜಾಗ ಖಾಲಿಯಾಗುತ್ತದೆ. ಆದರೆ ಎಲೆಕ್ಟ್ರಾನ್ ಆ ಖಾಲಿ ಜಾಗವನ್ನು ಬಿಟ್ಟು ದೂರ ಹೋಗುವುದಿಲ್ಲ. ಎರಡೂ ಅಂಟಿಕೊಂಡೇ ಸ್ವಲ್ಪ ಹೊತ್ತು ಅಲೆದು, ಮತ್ತೆ ಸೇರಿ ಸುಮ್ನಾಗಿಬಿಡುತ್ತವೆ. ಟ್ಯಾಂಗ್ ಒಂದರ ಬದಲು ಎರಡು ಪದರ ಇಟ್ಟರು. ಒಂದು ಶಾಯಿ, ಪೇಂಟುಗಳಲ್ಲಿ ಬಳಸುವ ನೀಲಿ ಬಣ್ಣ, ತಾಮ್ರದ ಥ್ಯಾಲೋಸಯನಿನ್. ಇನ್ನೊಂದು ಪೆರಿಲೀನ್ ಜಾತಿಯದು. ಎರಡರ ಗಡಿಗೆ ಬಂದಾಗ ಜೋಡಿ ಒಡೆಯಿತು. ಎಲೆಕ್ಟ್ರಾನ್ ಒಂದು ಕಡೆ, ಖಾಲಿ ಜಾಗ ಇನ್ನೊಂದು ಕಡೆ ಹರಿಯಿತು. 1986ರಲ್ಲಿ ಪ್ರಕಟವಾದ ಈ ಕೋಶದ ದಕ್ಷತೆ ಸುಮಾರು ಶೇಕಡಾ 1. ಕೇಳಿದರೆ ನಗು ಬರಬಹುದು, ಆಗ ಅದೇ ದೊಡ್ಡ ಜಿಗಿತ.

ಇದೇ ಗಡಿಯನ್ನು ಉಲ್ಟಾ ನಡೆಸಿದರೆ? ಕರೆಂಟ್ ಕೊಟ್ಟು ಬೆಳಕು ತೆಗೆದರೆ? 1960ರ ದಶಕದಲ್ಲೇ ಆಂಥ್ರಸೀನ್ ಹರಳಿನಿಂದ ಬೆಳಕು ಹೊರಡಿಸಿದ್ದರು. ಅದಕ್ಕೆ ಬೇಕಾದದ್ದು ನೂರಾರು ವೋಲ್ಟ್. ಅಂಥದ್ದನ್ನು ಜೇಬಿನಲ್ಲಿ ಇಟ್ಟುಕೊಳ್ಳುವವರು ಯಾರು?

ಟ್ಯಾಂಗ್ ಮತ್ತು ಜೊತೆಗಾರ ಸ್ಟೀವನ್ ವ್ಯಾನ್ ಸ್ಲೈಕ್ ಹರಳಿನ ಗೊಡವೆಗೆ ಹೋಗಲಿಲ್ಲ. ನಿರ್ವಾತದಲ್ಲಿ ವಸ್ತುವನ್ನು ಬಿಸಿಮಾಡಿ, ಅದರ ಆವಿಯನ್ನು ಗಾಜಿನ ಮೇಲೆ ಕೂರಿಸಿದರು. ಎರಡೂ ಪದರ ಸೇರಿ ದಪ್ಪ ಸುಮಾರು 135 ನ್ಯಾನೋಮೀಟರ್. ತಲೆಗೂದಲನ್ನು ಐನೂರು ಸೀಳು ಮಾಡಿದರೆ ಒಂದು ಸೀಳಿನಷ್ಟು. ಸಾವಯವ ವಸ್ತು ಕರೆಂಟನ್ನು ಕಷ್ಟಪಟ್ಟು ಸಾಗಿಸುತ್ತದೆ, ನಿಜ. ಆದರೆ ಸಾಗಬೇಕಾದ ದೂರವೇ ಇಷ್ಟಾದರೆ ಕಡಿಮೆ ವೋಲ್ಟ್ ಸಾಕು. ಕೆಳಗೆ ಖಾಲಿ ಜಾಗಗಳನ್ನು ಸಾಗಿಸುವ ಡೈಅಮೀನ್ ಎಂಬ ಸಾವಯವ ವಸ್ತು, ಮೇಲೆ ಎಲೆಕ್ಟ್ರಾನ್ ಸಾಗಿಸುವ, ಅಲ್ಯೂಮಿನಿಯಂ ಇರುವ ಎಎಲ್‌ಕ್ಯೂ3 ಎಂಬ ಇನ್ನೊಂದು. ಅದರ ಮೇಲೆ ಮೆಗ್ನೀಸಿಯಂ ಲೋಹ, ಏಕೆಂದರೆ ಅದು ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಅದು ಚೆನ್ನಾಗಿ ಅಂಟಲಿ ಎಂದು ಸ್ವಲ್ಪ ಬೆಳ್ಳಿ. ಈ ಚಿಟಿಕೆ ಬೆಳ್ಳಿ ನನಗೆ ಬಹಳ ಇಷ್ಟದ ವಿವರ. ಅಡುಗೆಮನೆಯ ಬುದ್ಧಿ ಅದು!

ಈಗ ಗಡಿಯಲ್ಲಿ ಅಗಲಿಕೆಯಿಲ್ಲ, ಭೇಟಿ. ಎರಡು ಕಡೆಯಿಂದ ಬಂದವು ಅಲ್ಲಿ ಸೇರಿ, ಹಸಿರು ಬೆಳಕು ಹೊಮ್ಮಿತು. 1987ರ ವರದಿಯ ಪ್ರಕಾರ 10 ವೋಲ್ಟ್‌ಗಿಂತ ಕಡಿಮೆಯಲ್ಲಿ ಚದರ ಮೀಟರಿಗೆ 1000 ಕ್ಯಾಂಡೆಲಾ ದಾಟಿದ ಹೊಳಪು. ಮನೆಯೊಳಗೆ ಫೋನ್ ನೋಡಲು ಇಷ್ಟೂ ಬೇಕಿಲ್ಲ. 1989ರಲ್ಲಿ ಬೆಳಗುವ ಪದರಕ್ಕೆ ಬೇರೆ ಬಣ್ಣದ ಅಣುಗಳನ್ನು ಚೂರೇ ಚೂರು ಬೆರೆಸಿ, ಬೆಳಕಿನ ಬಣ್ಣವನ್ನೇ ಬದಲಿಸಿ ತೋರಿಸಿದರು.

ಮುಂದಿನದು ಬೇಗ ಹೇಳಿಬಿಡಬಹುದು. 2003ರಲ್ಲಿ ಕೊಡಾಕ್ ಓಎಲ್‌ಇಡಿ ಪರದೆಯ ಡಿಜಿಟಲ್ ಕ್ಯಾಮೆರಾ ತಂದಿತು. 2006ರಲ್ಲಿ ಟ್ಯಾಂಗ್ ಅದೇ ಊರಿನ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದರು. 2009ರಲ್ಲಿ ಕೊಡಾಕ್ ತನ್ನ ಓಎಲ್‌ಇಡಿ ವ್ಯವಹಾರವನ್ನು ಎಲ್‌ಜಿಗೆ ಮಾರಿತು, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಟ್ಯಾಂಗ್‌ಗೆ 2011ರಲ್ಲಿ ವುಲ್ಫ್ ಪ್ರಶಸ್ತಿ, 2019ರಲ್ಲಿ ಕ್ಯೋಟೋ ಪ್ರಶಸ್ತಿ ಬಂತು.

ಪರದೆಯನ್ನು ಗಾಳಿ, ತೇವ ತಾಕದಂತೆ ಮುಚ್ಚಿಡಬಹುದು, ಕೆಲವು ವರ್ಷ ಬಾಳಿದರೆ ಸಾಕು. ಅಷ್ಟರಲ್ಲಿ ನಾವೇ ಫೋನ್ ಬದಲಿಸುತ್ತೇವೆ. ಛಾವಣಿಯ ಮೇಲಿನ ಫಲಕದ ಪಾಡು ಬೇರೆ. ಅದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಿಸಿಲು ಮಳೆ ತಿನ್ನಬೇಕು. ಅದಕ್ಕೇ ಟ್ಯಾಂಗ್ ಮೊದಲು ಹಿಡಿದ ಸಾವಯವ ಸೌರಕೋಶ ಪ್ರಯೋಗಾಲಯದಲ್ಲಿ ಶೇಕಡಾ 19 ದಾಟಿದರೂ, ನಮ್ಮ ಮನೆಗಳ ಮೇಲೆ ಇನ್ನೂ ಸಿಲಿಕಾನ್ ಫಲಕಗಳೇ ಕೂತಿವೆ.