ತೆರಿಗೆ ರಿಯಾಯಿತಿ ಹೋಯಿತು, ನೆಡುತೋಪು ಉಳಿಯಿತು

ಪಶ್ಚಿಮ ಬಂಗಾಳ ಸರ್ಕಾರ 2025ರಲ್ಲಿ ಕಾಯ್ದೆಯೊಂದನ್ನು ತಂದು, 1993ರಿಂದ ಉದ್ದಿಮೆಗಳಿಗೆ ಕೊಡುತ್ತೇನೆಂದಿದ್ದ ಪ್ರೋತ್ಸಾಹಧನವನ್ನೆಲ್ಲ ಒಂದೇ ಏಟಿಗೆ ರದ್ದು ಮಾಡಿತು. ಬಾಕಿ ಬರಬೇಕಿದ್ದ ಕಂಪನಿಗಳು ಕಲ್ಕತ್ತಾ ಹೈಕೋರ್ಟಿಗೆ ಹೋದವು. ನಮ್ಮ ಕರ್ನಾಟಕದಲ್ಲಿ ಅಂಥ ಗದ್ದಲವೇನೂ ಆಗಲಿಲ್ಲ. ಇಲ್ಲಿ ತೆರಿಗೆಯೇ ಬದಲಾಯಿತು, ಅದರೊಂದಿಗೆ ವಿನಾಯಿತಿಯೂ ಹೋಯಿತು.

ಉದ್ದಿಮೆಗಳು ಬೆಂಗಳೂರು ಬಿಟ್ಟು ಹಿಂದುಳಿದ ತಾಲ್ಲೂಕುಗಳಿಗೆ ಬರಲಿ ಎಂದು ಹಿಂದೆ ಎರಡು ಬಗೆಯ ಸವಲತ್ತು ಇತ್ತು. ಒಂದು, ಮಾರಾಟ ತೆರಿಗೆ ಮಾಫಿ. ಇನ್ನೊಂದು ಮುಂದೂಡಿಕೆ: ಗಿರಾಕಿಯಿಂದ ವಸೂಲಾದ ತೆರಿಗೆಯನ್ನು ಮಾಲೀಕರು ಕೆಲವು ವರ್ಷ ತಮ್ಮಲ್ಲೇ ಇಟ್ಟುಕೊಂಡು ದುಡಿಸಬಹುದಿತ್ತು. ಬಡ್ಡಿಯಿಲ್ಲದ ಸಾಲವೇ ಅನ್ನಿ. ಪಕ್ಕದ ರಾಜ್ಯ ಐದು ವರ್ಷ ಕೊಟ್ಟರೆ ನಾವು ಏಳು ಎನ್ನುವ ಈ ಹರಾಜಿನಲ್ಲಿ ಎಲ್ಲರ ಬೊಕ್ಕಸವೂ ಸೊರಗಿತು. ಕೊನೆಗೆ 2000ದ ಜನವರಿಯಿಂದ ಹೊಸ ಘಟಕಗಳಿಗೆ ಇದನ್ನು ನಿಲ್ಲಿಸಲು ರಾಜ್ಯಗಳು ಒಪ್ಪಿದವು. 2005ರಲ್ಲಿ ಮಾರಾಟ ತೆರಿಗೆಯ ಜಾಗಕ್ಕೆ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಬಂತು.

ನಿಜವಾದ ಪೆಟ್ಟು ಬಿದ್ದದ್ದು 2017ರ ಜುಲೈ 1ರಂದು, ಜಿಎಸ್‌ಟಿ ಜಾರಿಯಾದಾಗ. ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಸರಕು ಬಳಕೆಯಾಗುವ ಕಡೆಗೆ ಹೋಗುತ್ತದೆ. ಶಿವಮೊಗ್ಗದ ಫೌಂಡ್ರಿಯಲ್ಲಿ ಎರಕ ಹೊಯ್ದ ಬಿಡಿಭಾಗ ಪುಣೆಗೆ ಹೋದರೆ ಆ ಪಾಲು ಮಹಾರಾಷ್ಟ್ರದ್ದು. ಕೈಗೇ ಬಾರದ ತೆರಿಗೆಯನ್ನು ಬಿಟ್ಟುಕೊಡುವುದು ಹೇಗೆ? ಹಾಗಾಗಿ 2020–25ರ ಕೈಗಾರಿಕಾ ನೀತಿ ವಹಿವಾಟಿನ ಮೇಲೆ ಸಬ್ಸಿಡಿ ಕೊಡುವ ದಾರಿ ಹಿಡಿಯಿತು.

ಕೊಟ್ಟ ಮಾತಿನ ಗತಿ? 1979ರ ಮೋತಿಲಾಲ್ ಪದಂಪತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಭರವಸೆ ನಂಬಿ ಕಾರ್ಖಾನೆ ಹಾಕಿದವನಿಗೆ ಸರ್ಕಾರ ಕೈಕೊಡುವಂತಿಲ್ಲ ಎಂದಿತ್ತು. 2022ರ ಹೀರೊ ಮೋಟೊಕಾರ್ಪ್ ತೀರ್ಪು ಬೇರೆ: ಶಾಸನವೇ ಬದಲಾದಾಗ ಹಳೆಯ ಭರವಸೆ ಹಿಡಿದು ಪಟ್ಟು ಹಾಕುವಂತಿಲ್ಲ. ಕಾನೂನಿಗೆ ಇದು ಸರಿಯಿರಬಹುದು. ಬ್ಯಾಂಕ್ ಸಾಲ ಮಾಡಿ ಶೆಡ್ ಕಟ್ಟಿದ ಸಣ್ಣ ಉದ್ದಿಮೆದಾರನಿಗೆ ಮಾತ್ರ ಅನ್ಯಾಯವೇ.

ಮಲೆನಾಡಿನ ದೊಡ್ಡ ಕಾರ್ಖಾನೆಗಳ ಕತೆಯಲ್ಲಿ ಬರುವುದು ತೆರಿಗೆಯ ರಿಯಾಯಿತಿಯಲ್ಲ, ಕಾಡಿನದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಸೌದೆ, ಭದ್ರೆಯ ನೀರು ನಂಬಿ. ಅಲ್ಲಿನ ಕಾಗದ ಕಾರ್ಖಾನೆ ಎಂಪಿಎಂಗೆ (ಮೈಸೂರು ಪೇಪರ್ ಮಿಲ್ಸ್) 1980ರಲ್ಲಿ ನೆಡುತೋಪಿಗೆಂದು ಸಾವಿರಾರು ಹೆಕ್ಟೇರ್ ಅರಣ್ಯ 40 ವರ್ಷದ ಗುತ್ತಿಗೆಗೆ ಸಿಕ್ಕಿತು. ಕಾರ್ಖಾನೆ ನಿಂತು ವರ್ಷಗಳಾದ ಮೇಲೆ, 2020ರಲ್ಲಿ, ಸರ್ಕಾರ ಆ ಗುತ್ತಿಗೆಯನ್ನು ಇನ್ನೂ 40 ವರ್ಷಕ್ಕೆ ಮುಂದುವರಿಸಿತು. ಈ ನೆಡುತೋಪುಗಳ ಅಕೇಶಿಯಾ ಮರ ಬೇಡ ಎಂದು ಮಲೆನಾಡಿನ ಜನ ಬೀದಿಗಿಳಿದದ್ದು ಇದಕ್ಕೇ. ಮಾಫಿ ಮಾಡಿದ ತೆರಿಗೆ ಬಜೆಟ್ಟಿನಲ್ಲಿ ಎಲ್ಲೋ ಒಂದು ಸಾಲಾಗಿಯಾದರೂ ಕಾಣುತ್ತದೆ, ಕಾಡಿನ ರಿಯಾಯಿತಿಯ ಲೆಕ್ಕ ಕೇಳುವವರು ಕಡಿಮೆ.